ವಾಸಿತಿ ನಂಬದ ಪೋರ್ಟು

ಫಿಜಿಯ ವನುವಾ ಲೇವು ದ್ವೀಪದ ಆ ಆಸ್ಪತ್ರೆಯ ನೆಟ್‌ವರ್ಕ್ ವಾಸಿತಿ ನಾಕಲೇವುವಿನ ಕೈಗೆ ಬಂದಾಗ ಅವಳಿಗೆ ಐವತ್ತೆರಡು. ಹಿಂದಿದ್ದವನು ಯಂತ್ರಗಳ ಮಾತನ್ನು ಹಂಚುವ ಸ್ವಿಚ್ ಪೆಟ್ಟಿಗೆಯನ್ನು, ಊರವರು ಸುತ್ತ ಕೂತು ಬೇರಿನ ರಸ ಕುಡಿಯುವ ಯಂಗೋನ ಕೂಟದಂತೆ ಹೊಂದಿಸಿ ಹೋಗಿದ್ದ: ಮೊದಲ ಬಟ್ಟಲು ದೊಡ್ಡವರಿಗೆ, ಕೊನೆಯದು ಬಾಗಿಲ ಬಳಿ ಕೂತವರಿಗೆ. ಅದು ನೆಟ್‌ವರ್ಕ್ ಅಲ್ಲ, ನೆಂಟರ ವರ್ಕ್.

ನಂಬು ಎಂದು ಹೇಳಿಟ್ಟ ಪೋರ್ಟಿನಲ್ಲಿ, ಅಂದರೆ ತಂತಿ ಸಿಕ್ಕಿಸುವ ಕಿಂಡಿಯಲ್ಲಿ, ಕೂತ ಯಂತ್ರ ತನ್ನ ಮಾತಿಗೆ ‘ತುರ್ತು’ ಚೀಟಿ ಅಂಟಿಸಿದರೆ ಸ್ವಿಚ್ಚು ಮರುಮಾತಿಲ್ಲದೆ ಮುಂದೆ ಬಿಡುತ್ತದೆ. ನಂಬದ ಪೋರ್ಟಿನಿಂದ ಬಂದ ಚೀಟಿಯನ್ನು ಕಿತ್ತು ಹಿಂದೆ ನಿಲ್ಲಿಸುತ್ತದೆ. ಅಧೀಕ್ಷಕ ತೊಮಾಸಿ ಒಡೆಯರ ಮನೆತನದವರು, ಎಲ್ಲರ ಬಾಯಲ್ಲೂ ‘ರಾತು’; ಅವರ ಪೋರ್ಟಿಗೆ ಪೂರ್ಣ ನಂಬಿಕೆ. ಅವರ ಯಂತ್ರಕ್ಕೆ ಶನಿವಾರದ ರಗ್ಬಿಯೂ ತುರ್ತೇ. ಹೆರಿಗೆ ವಾರ್ಡಿನ ಫೋನು ಬಾಗಿಲ ಬಳಿ ಕೂತವರ ಸಾಲಿನಲ್ಲಿ.

ಒಂದು ಶನಿವಾರ ಹೊರದ್ವೀಪದ ನರ್ಸ್ ಅಕಾನಿಸಿ ರಕ್ತಸ್ರಾವದ ಬಾಣಂತಿಯನ್ನು ಎದುರಿಗಿಟ್ಟುಕೊಂಡು ವಾರ್ಡಿಗೆ ಫೋನು ಮಾಡಿದಳು. ರಾತುವಿನ ರಗ್ಬಿಯ ಹಿಂದೆ ನಿಂತ ಡಾಕ್ಟರ ಮಾತು ಚೂರುಚೂರಾಗಿ ಬಂತು. ಎಷ್ಟು ಮದ್ದು ಎಂಬುದು ಕೇಳಿಸಿದ್ದು ಮೂರನೆಯ ಸಲಕ್ಕೆ. ಬಾಣಂತಿ ಉಳಿದಳು. ಸೋಮವಾರ ವಾಸಿತಿ ವಾರ್ಡಿನ ಫೋನುಗಳನ್ನಷ್ಟೇ ನಂಬು ಎಂದು ಸ್ವಿಚ್ಚಿಗೆ ಹೇಳಿ, ಅಧೀಕ್ಷಕರ ಪೋರ್ಟಿನ ನಂಬಿಕೆ ಕಿತ್ತಳು.

ಮುಂದಿನ ಶನಿವಾರ ರಾತುವಿನ ಪರದೆಯಲ್ಲಿ ಆಟಗಾರರು ಚೆಂಡು ಹಿಡಿದು ಗಾಳಿಯಲ್ಲೇ ನಿಂತುಬಿಟ್ಟರು. ವಾಸಿತಿಗೆ ಕರೆ ಬಂತು. ಅವಳು ಹೋಗಿ, ಹಿರಿಯರ ಮುಂದೆ ಕೂರುವಂತೆ ಚಾಪೆಯ ಮೇಲೆ ಕೂತಳು.

“ನನ್ನನ್ನ ನಂಬದವರ ಸಾಲಿಗೆ ಹಾಕಿದೀಯಂತೆ?”

“ನಿಮ್ಮನ್ನಲ್ಲ ರಾತು, ನಿಮ್ಮ ಪೆಟ್ಟಿಗೆನ. ಅದು ಬಾಯಿ ಬಿಟ್ರೆ ತುರ್ತು ಅನ್ನುತ್ತೆ.”

ಸಂಜೆಯೊಳಗೆ ಮೊದಲಿನಂತೆ ಮಾಡದಿದ್ದರೆ ಕಡಲಾಚೆಯ ಪುಟ್ಟ ದ್ವೀಪಕ್ಕೆ ವರ್ಗ, ಅಲ್ಲಿ ಏಡಿಗಳಿಗೆ ಇಂಟರ್ನೆಟ್ ಹಾಕಿಕೊಂಡಿರು ಎಂದರು ರಾತು. ಏಡಿಗಳು ರಗ್ಬಿ ನೋಡುವುದಿಲ್ಲವಲ್ಲ, ಕೆಲಸ ಹಗುರ ಎಂದಳು. ಕೊನೆಗೆ ಎದ್ದು ಮೇಜಿನ ಮೇಲಿದ್ದ ಕಾಗದ ಪೆನ್ನು ತಂದು ಅವರ ಮುಂದಿಟ್ಟಳು.

“ಹೆರಿಗೆ ವಾರ್ಡಿನ ಫೋನಿಗಿಂತ ನನ್ನ ಆಟ ಮುಂದೆ ಹೋಗಲಿ ಅಂತ ಬರೆದು ಸಹಿ ಹಾಕಿ. ಈಗ್ಲೇ ಮಾಡ್ತೀನಿ. ಕಾಗದ ವಾರ್ಡಿನ ಗೋಡೆಗೆ ಅಂಟಿಸ್ತೀನಿ.”

ರಾತು ಪೆನ್ನು ತೆಗೆದುಕೊಂಡು ‘ಹೆರಿಗೆ’ ಎಂದು ಬರೆದರು. ನಿಲ್ಲಿಸಿದರು. ಪರದೆಯಲ್ಲಿ ಹದಿನೈದು ಜನ ಒಂದೇ ಕಾಲೆತ್ತಿ ಕಾಯುತ್ತಿದ್ದರು.

ಅವರು ಕಾಗದ ಹರಿದು ಬುಟ್ಟಿಗೆ ಹಾಕಿ, “ಹೋಗು. ಆಟನ ಅಂಗಡಿ ಟೀವಿಲಿ ನೋಡ್ಕೋತೀನಿ” ಎಂದರು.