ಸೈದಾನಬಿಯ ಬೇರುಮಣ್ಣು

ಸಾಣಾಪುರದ ಕೆರೆಯ ಮೇಲೆ ಇನ್ನೂ ಮಸುಕು. ಕಾಲುವೆ ಪಕ್ಕದ ಬಾಳೆ ತೋಟದಲ್ಲಿ ಸೈದಾನಬಿ ಕುಕ್ಕರುಗಾಲಿನಲ್ಲಿ ಕೂತು, ಗಿಡದ ಬುಡವನ್ನು ಖುರ್ಪಿಯಿಂದ ಮೆಲ್ಲಗೆ ಕೆದರುತ್ತಾರೆ. ಎಳೆಬೇರು ಕಂಡಲ್ಲಿ ಬುಟ್ಟಿಯಿಂದ ಒಂದು ಹಿಡಿ ಮಣ್ಣು ಹಾಕಿ, ಮುಚ್ಚಿ, ನೀರು ಚಿಮುಕಿಸುತ್ತಾರೆ. ತೋಟ ಅವರದಲ್ಲ, ಮಾರೆವ್ವನದು. ಕೂಲಿಯೂ ಇಲ್ಲ. ದಾರಿಹೋಕರು ನಿಂತು ನೋಡಿದರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ.

ಬುಟ್ಟಿಯಲ್ಲಿರುವುದು ಬರೀ ಮಣ್ಣಲ್ಲ. ಬೇರಿನೊಳಗೆ ಮನೆ ಮಾಡಿಕೊಂಡು, ಬೇರು ಮುಟ್ಟಲಾಗದ ಕಡೆಯಿಂದಲೂ ಗಿಡಕ್ಕೆ ಸಾರ ತಂದುಕೊಡುವ ಶಿಲೀಂಧ್ರ ಅದರಲ್ಲಿದೆ. ಗಂಗಾವತಿಯ ತರಬೇತಿಯೊಂದರಲ್ಲಿ ಕಲಿತುಬಂದ ಸೈದಾನಬಿ, ಹಿತ್ತಲಿನ ಕುಂಡಗಳಲ್ಲಿ ಜೋಳ ಬಿತ್ತಿ, ಅದರ ಬೇರಿನಲ್ಲಿ ಇದನ್ನು ಬೆಳೆಸುತ್ತಾರೆ. ಜೋಳ ಬಲಿತ ಮೇಲೆ ಬೇರು ಕತ್ತರಿಸಿ ಅದೇ ಮಣ್ಣಿಗೆ ಬೆರೆಸಿದರೆ ಬಾಳೆಗೆ ಹಾಕಲು ಸಿದ್ಧ. "ಮಣ್ಣು ಮಾರಾಕಿ ಬಂದ್ಲು ಅಂತ ಮೊದಲ ನಗತಿದ್ರು. ಗಿಡ ನೋಡಿದ ಮ್ಯಾಲೆ ಅವರಽ ಬಂದು ಕೇಳಾಕ ಹತ್ತಿದ್ರು."

ಹಾಗೆ ಕೇಳಿ ಬಂದವರಲ್ಲಿ ಮಾರೆವ್ವ ಒಬ್ಬರು. ಅದು ಕಳೆದ ಬೇಸಿಗೆ. ಕುಷ್ಟಗಿಯಲ್ಲಿ ತಂಗಿಯ ಮಗಳ ಮದುವೆ ಮುಗಿಸಿ ಬಂದ ಸೈದಾನಬಿ, ತಗಡಿನ ಶೆಡ್ಡಿನಲ್ಲಿ ಕಟ್ಟಿಟ್ಟಿದ್ದ ಚೀಲ ಬಿಚ್ಚಿದರೆ ಮಣ್ಣು ಕೈ ಸುಡುವಷ್ಟು ಕಾದಿತ್ತು, ಹುಳಿ ನಾತ ಬೇರೆ. ಅದರಲ್ಲಿ ಜೀವ ಉಳಿದಿರಲಾರದೆಂದು ಅವರಿಗೆ ತಿಳಿದುಹೋಯಿತು. ಅಷ್ಟರಲ್ಲಿ ಮಾರೆವ್ವ ಬಾಗಿಲಲ್ಲಿ ನಿಂತಿದ್ದರು. ಆಗತಾನೆ ಬಂದ ಹೆಸರು ಕೆಟ್ಟೀತೆಂಬ ಅಂಜಿಕೆಗೆ ಚೀಲದ ಬಾಯಿ ಮತ್ತೆ ಕಟ್ಟಿದರು. ಅದನ್ನೇ ಕೊಟ್ಟು ಕಳಿಸಿದರು.

ಮಳೆಗಾಲ ಬಂತು. ಅಕ್ಕಪಕ್ಕದ ಬಾಳೆ ತಲೆಯೆತ್ತರ ಬೆಳೆದರೆ ಮಾರೆವ್ವನವು ಸೊಂಟದ ಮಟ್ಟಕ್ಕೇ ನಿಂತು ಹಳದಿಗೆ ತಿರುಗಿದವು. ಒಂದು ದಿನ ಕಾಲುವೆ ಹತ್ತಿರ ಸಿಕ್ಕ ಮಾರೆವ್ವ, "ನಿನ್ನ ಮಣ್ಣು ಎಲ್ಲಾರಿಗೂ ಫಲ ಕೊಟ್ಟೈತಬೇ. ನಂದಽ ಕೈ ಛಲೋ ಇಲ್ಲ. ಗಂಡ ಹೋದಾಗಿಂದ ನಾ ಮುಟ್ಟಿದ್ದು ಯಾವುದೂ ಏಳವಲ್ದು" ಎಂದರು.

"ನನ್ನ ಬೈದಿದ್ರ ಸುಮ್ನಿರತಿದ್ನೇನೋ ರೀ," ಎನ್ನುವಾಗ ಸೈದಾನಬಿ ತಲೆ ಎತ್ತುವುದಿಲ್ಲ. "ಆಕಿ ತನ್ನನ್ನ ತಾನಽ ಬೈಕೊಂಡ್ಲು."

ಮರುದಿನವೇ ಮಾರೆವ್ವನ ಮನೆಗೆ ಹೋಗಿ, ಕೆಟ್ಟ ಮಣ್ಣೆಂದು ಗೊತ್ತಿದ್ದೂ ಕೊಟ್ಟೆ ಎಂದು ಹೇಳಿಕೊಂಡರು. ಸೊಸೆ ಶೈಲಶ್ರೀ ಬಾಯಿಗೆ ಬಂದಂತೆ ಬೈದಳು. ಮಾರೆವ್ವ, "ನಾಳಿ ಖುರ್ಪಿ ತಗೊಂಡು ಬಾ" ಎಂದಷ್ಟೇ ಅಂದರು.

ಅಂದಿನಿಂದ ಈ ಕೆಲಸ ನಡೆದಿದೆ. ಹೊಸ ಎಲೆಗಳು ಹಸಿರಾಗಿ ಬಿಚ್ಚಿಕೊಳ್ಳುತ್ತಿವೆ. ಬಿಸಿಲೇರುವ ಹೊತ್ತಿಗೆ ಮಾರೆವ್ವ ಚಹಾ ತರುತ್ತಾರೆ. ಇಬ್ಬರೂ ಬದುವಿನ ಮೇಲೆ ಕೂತು ಕುಡಿಯುತ್ತಾರೆ. ಸೈದಾನಬಿ ಮಾತ್ರ ಇನ್ನೂ ಅವರ ಮುಖ ನೋಡಿ ಮಾತಾಡುವುದಿಲ್ಲ. ಹಿತ್ತಲಲ್ಲಿ ಈಗ ಮಣ್ಣಿನ ಚೀಲಗಳು ಬೇವಿನ ನೆರಳಿಗೆ ಬಂದಿವೆ. ಅನುಮಾನ ಬಂದದ್ದು ನೇರ ತಿಪ್ಪೆಗೆ; ಕೇಳಿ ಬಂದವರು ಬರಿಗೈಯಲ್ಲಿ ಹೋದರೂ ಸರಿಯೇ.

ಫೋಟೋ ತೆಗೆಯಲು ಹೋದರೆ ಮಣ್ಣಿನ ಕೈ ಅಡ್ಡ ಹಿಡಿಯುತ್ತಾರೆ. "ಈಗ ಬ್ಯಾಡ್ರಿ. ಆಕಿ ಬಾಳಿ ಗೊನಿ ಹಾಕಲಿ. ಆವಾಗ ಬರ್ರಿ, ಆಕೀನ್ನ ಮುಂದ ನಿಲ್ಲಿಸಿ ತಗೀರಿ. ನಾ ಹಿಂದ ನಿಂತಿರತೀನಿ."