ಗಂಜಿ ಒಣಗೂದರೊಳಗ

ಉಂಡ ತಾಟು ತೊಳೀದ ಬಿಟ್ಟರ ಅಂಚಿಗೆ ಗಂಜಿ ಒಣಗಿ ಹಪ್ಪಳದಂಗ ಏಳತೈತಿ. ಅದನ್ನ ಕಂಡರ ನನಗ ಇಂದಿಗೂ ಅಂಜಿಕಿ ಬರತೈತಿ. ಮುದುಕಿ ಹಾವಿಗೆ ಅಂಜೂದಿಲ್ಲ, ತಾಟಿಗೆ ಅಂಜತಾಳಂತ ಸೊಸಿ ನಗತಾಳ. ನಗಲಿ. ಎರಡನೇ ಇಯತ್ತೆಗೆ ಸಾಲಿ ಬಿಟ್ಟಾಕಿ ನಾನು, ಇತಿಹಾಸ ಓದಿಲ್ಲ. ಅದು ಒಮ್ಮೆ ನಮ್ಮ ರಬಕವಿ ಓಣಿಗೆ ಲಾರಿ ಹತ್ತಿ ಬಂದಿತ್ತು, ಅಷ್ಟ ಗೊತ್ತು.

ಸ್ವಾತಂತ್ರ್ಯ ಬಂದ ಮರುವರ್ಷ, ರಾಜರ ಆಳಿಕಿ ಹೋಗಿ ಮುಂಬೈ ಸರಕಾರ ಬಂದು ನಾಕೈದು ತಿಂಗಳಾಗಿತ್ತು. ಯಾರು ಆಳಿದರೂ ಮಗ್ಗಕ್ಕ ಬೇಕಾದದ್ದು ನೂಲು. ಆಗ ಹಾಸನ್ನ, ಅಂದರ ಸೀರಿಗೆ ಉದ್ದಕ್ಕ ಬೀಳೂ ನೂಲನ್ನ, ಮುಂಜಾನೆ ಓಣಿಯುದ್ದಕ್ಕ ಎಳೆದು ಕಟ್ಟಿ, ಗಂಜಿ ಹಚ್ಚಿ, ಒಣಗೂತನಕ ಆಚಿಗೊಬ್ಬರು ಈಚಿಗೊಬ್ಬರು ನಿಂತು ಒಂದ ಉದ್ದನ ಕುಂಚದ ಎರಡು ತುದಿ ಹಿಡಿದು ಎಳಕೋತ ಹೋಗಬೇಕು. ನಡುವ ಕೈ ಬಿಟ್ಟರ ಎಳಿಗೆ ಎಳಿ ಅಂಟಿ ಹಾಸು ಹಗ್ಗ ಆಗತೈತಿ, ಎರಡು ತಿಂಗಳ ರೊಟ್ಟಿ ಹೋಗತೈತಿ. ಆಚಿ ತುದಿಗೆ ಯಾವತ್ತೂ ಬಾಜೂಮನಿ ಖಾಸೀಂಬಿ. ಬಳಿ ಎಳಿಗೆ ತಾಗಬಾರದಂತ ಇಬ್ಬರೂ ಮ್ಯಾಲಕ್ಕೇರಿಸಿ ಅರಿವಿ ಸುತ್ತಿಕೊಂಡಿರತಿದ್ವಿ.

ಅವತ್ತ ಗಂಜಿ ಆಗಷ್ಟ ಹಚ್ಚಿದ್ವಿ. ಹೈದರಾಬಾದ ಸೀಮಿಯ ನವಾಬನ ಕಡೆ ದಂಗೆಕೋರರು ಹೊಳಿ ದಾಟ್ಯಾರಂತ ಯಾರೋ ಒದರಿದರು. ಒಂದರ ಹಿಂದೊಂದು ಕದ ಹಾಕಿದವು. ನನ್ನ ಗಂಡ ಒಳಗಿಂದ ಬಾರಬೇ ಅಂತ ಕರದ, ತಾ ಹೊರಗ ಬರಲಿಲ್ಲ. ನಾವಿಬ್ಬರ ಉಳಿದ್ವಿ, ಅದೇನು ಧೈರ್ಯಲ್ಲ, ಗಂಜಿ ಹಸಿ ಇತ್ತು. ಆಗ ಖಾಸೀಂಬಿಯನ್ನ ನೋಡಿದೆ, ಇಕಿ ಯಾರ ಕಡೆ ಅಂತ. ಅಷ್ಟು ವರ್ಷದಾಗ ಹಂಗ ನೋಡಿದ್ದು ಅದ ಮೊದಲು. ಆಕಿ ಕಣ್ಣಾಗೂ ಅದ ಇತ್ತು.

ಬಂದವರು ದಂಗೆಕೋರರಲ್ಲ. ಆ ಸುದ್ದಿ ನಂಬಿ, ಇಲ್ಲಿಯ ಸಾಬರ ಮ್ಯಾಲ ಸಿಟ್ಟು ತೀರಿಸಾಕ ಹೊರಟ ನಮ್ಮ ಸೀಮಿಯವರ, ಬಡಿಗಿ ಹಿಡಿದು ಲಾರಿ ತುಂಬ. ಲಾರಿ ಹಾಸಿನ ಮುಂದ ನಿಂತಿತು. ಒಬ್ಬ ಇಳಿದು, ಇಕಿ ಹಣ್ಯಾಗ ಕುಂಕುಮ ಯಾಕಿಲ್ಲ ಅಂದ. ಖಾಸೀಂಬಿಯ ನಡುಕ ಕುಂಚದ ಕಟ್ಟಿಗಿ ಹಿಡಿದು ನನ್ನ ಕೈಗೆ ಬಂತು. ನನ್ನದು ಆಕಿಗೆ ಹೋಗಿರಬೇಕು.

“ನಮ್ಮಕ್ಕ, ಗಂಡ ಸತ್ತಾಕಿ,” ಅಂದೆ. “ಗಂಜಿ ಒಣಗಾಕತ್ತೈತಿ. ಹಾಸು ಕೆಟ್ಟರ ನೀ ಕಟ್ಟಿಕೊಡತೀ ಏನೋ ತಮ್ಮಾ?”

ಅವನೂ ನೇಕಾರನ ಮಗನ ಇರಬೇಕು. ಹಸಿ ಹಾಸು ನಮ್ಮಲ್ಲಿ ಯಾರೂ ದಾಟೂದಿಲ್ಲ. ಅದರುದ್ದಕ್ಕೂ ಒಮ್ಮೆ ಕಣ್ಣಾಡಿಸಿ ಲಾರಿ ಹಿಂದಕ್ಕ ತಗಸಿದ.

ದಂಗೆಕೋರರು ಬರಲೇ ಇಲ್ಲ. ಮುಂದ ದಿಲ್ಲಿಯ ಫೌಜು ಹೋಗಿ ಆ ಸೀಮಿನೂ ದೇಶಕ್ಕ ಕೂಡಿತಂದರು. ನಮ್ಮ ಹಾಸಿನಾಗ ಒಂದ ಎಳಿ ಅಂಟಲಿಲ್ಲ. ಅವತ್ತ ಹಾಸು ಸುತ್ತುವಾಗ ಖಾಸೀಂಬಿ, ಮನ್ಯಾಗ ಬೀಡಿ ಸೇದಾಕತ್ತ ಗಂಡನ್ನ ಒಂದ ಮಾತಿಗೆ ಮಣ್ಣಿಗೆ ಹಾಕಿದೆಲ್ಲಬೇ ಅಂತ ನಕ್ಕಳು. ಆಮ್ಯಾಲ ನಗೂದು ನಿಲ್ಲಿಸಿದಳು.

“ಹಾಸು ಒಣಗಿ, ನನ್ನ ಕೈ ಬೇಡಾಗಿತ್ತಂದ್ರ ಏನಂತಿದ್ದಿ?”

ನಾ ಹಾಸು ಸುತ್ತಿದೆ. ಆಕಿ ಸಾಯೂತನಕ ನನ್ನ ಕುಂಚದ ಆಚಿ ತುದಿ ಹಿಡಿದಳು.

ಈಗ ಹಾಸು ಗಂಜಿ ಹಚ್ಚಿಸಿಕೊಂಡ ಬರತೈತಿ, ಓಣ್ಯಾಗ ಯಾರೂ ಎದುರಾಬದುರು ನಿಲ್ಲೂದಿಲ್ಲ. ಲಾರಿಯ ಬಣ್ಣ ಮರತೀನಿ, ಅವನ ಮಾರಿ ಮರತೀನಿ. ಹಾಸು ಒಣಗಿದ್ದರ ನನ್ನ ಬಾಯಾಗ ಏನ ಬರತಿತ್ತೋ, ಅದಕ್ಕ ಇನ್ನೂ ಅಂಜತೀನಿ. ಸೊಸಿ ತಾಟು ಬಿಟ್ಟು ಎದ್ದರ, ಹಸಿ ಇರೂದರಾಗ ನಾನ ತೊಳದಿಡತೀನಿ.