ಪಾಲಿಗೆ ಬಂದ ಗಿಡ್ಡ ಕೋಳಿ

ಪೇರಲ ಗಿಡದ ಬುಡದಲ್ಲಿ ಕಾರು ನಿಲ್ಲಿಸಲು ಜಾಗ ಮಾಡೋಣವೆಂದು ಹೋದ ತಿಂಗಳು ಒಂದು ಭಾನುವಾರ ಸಲಿಕೆ ಹಿಡಿದೆ. ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯ ಹಿತ್ತಲಿಗೆ ಹಿತ್ತಲು ಎನ್ನುವುದೇ ದೊಡ್ಡ ಮಾತು. ಎರಡು ಹೊರಸು ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ. ಸ್ವಲ್ಪ ಅಗೆಯುವಷ್ಟರಲ್ಲಿ ಸಲಿಕೆಗೆ ಏನೋ ತಾಗಿತು. ಮಣ್ಣು ಸರಿಸಿದರೆ ಕೆಂಪು ಕಲ್ಲು, ಅದರ ಪಕ್ಕ ಇನ್ನೊಂದು. ನಮ್ಮ ಹಳೆಯ ಕೋಳಿಗೂಡಿನ ಬುನಾದಿ! ಗೂಡು ಎಂದೋ ಮುರಿದು ಬಚ್ಚಲ ಒಲೆ ಸೇರಿತ್ತು, ಬುನಾದಿ ಮಾತ್ರ ಗಟ್ಟಿಯಾಗಿ ಕೂತಿದೆ. ನನ್ನ ಜನ್ಮದಲ್ಲಿ ನಾನು ಸ್ವಂತ ಕೈಯಿಂದ ಕಟ್ಟಿದ ಕಟ್ಟಡ ಅದೊಂದೇ. ಸ್ವಲ್ಪ ಹೆಮ್ಮೆಪಟ್ಟರೆ ನೀವು ಕ್ಷಮಿಸಬೇಕು.

ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ ಪಕ್ಕದ ಮನೆಯ ಸೊಸೆ ಗೋಡೆಯಾಚೆಯಿಂದ ಕರೆದಳು.

"ಅಣ್ಣಾರ, ನೀವಾರ ಒಂದ್ ಮಾತು ಹೇಳ್ರಿ. ನಮ್ಮತ್ತಿ ಬಿ.ಪಿ. ಗುಳಿಗಿ ಬಿಟ್ಟು ವಾರಾತು. 'ಇನ್ನ ಯಾರ ಸಲುವಾಗಿ ತಗೋಬೇಕು' ಅಂತಾರ."

ಅವಳ ಅತ್ತೆ ಎಂದರೆ ಜೈಬುನ್ ಚಾಚಿ. ನಾನು ಆ ಕೆಂಪು ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ಈ ಕಲ್ಲಿಗೂ ಚಾಚಿಗೂ ಗುಳಿಗೆಗೂ ಒಂದು ನಂಟಿದೆ. ನಿಮಗೆ ಹೊತ್ತಿದ್ದರೆ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಸುಮಾರಿಗೆ ನಮ್ಮ ಅವ್ವನಿಗೆ ಕ್ಷಯ ಮರುಕಳಿಸಿತು. ಮೊದಲ ಸಲ ಖಾನಾಪುರದಾಚೆಯ ನಮ್ಮೂರು ಪಾರಿಶ್ವಾಡದಲ್ಲಿ ಔಷಧ ಶುರುಮಾಡಿ, ಕೆಮ್ಮು ನಿಂತ ಕೂಡಲೇ ಗುಳಿಗೆ ಎಸೆದು ಹೊಲಕ್ಕೆ ಹೋಗಿದ್ದಳು. ಈ ಸಲ ನಾನು ಹಟ ಹಿಡಿದು ಬೆಳಗಾವಿಗೆ ಕರೆತಂದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಯುಗಾದಿಯವರೆಗೆ ಒಂದು ದಿನವೂ ತಪ್ಪಬಾರದು, ಈಗಲೂ ನಡುವೆ ಬಿಟ್ಟರೆ ಮುಂದಿನದು ತಮ್ಮ ಕೈಯಲ್ಲಿಲ್ಲ ಎಂದರು. ನಾನು ತಲೆಯಾಡಿಸಿದೆ. ಆದರೆ ಅವ್ವ ಡಾಕ್ಟರ ಮಾತು ಕೇಳುವ ಪೈಕಿ ಅಲ್ಲ, ನನ್ನ ಮಾತಂತೂ ದೂರವೇ ಉಳಿಯಿತು. ಮಳೆ ಹಿಡಿಯುವಷ್ಟರಲ್ಲಿ ಕೆಮ್ಮು ತಗ್ಗಿತು, ಅವ್ವನ ಚೀಲ ತುಂಬಿ ಬಾಗಿಲ ಹಿಂದೆ ಬಂದು ಕೂತಿತು.

"ನಾ ನಾಳಿ ಖಾನಾಪುರ ಬಸ್ ಹತ್ತಾಕಿ. ಇಲ್ಲಿ ಮಾಡಾಕ ಕೆಲಸಿಲ್ಲ, ಮಾತಾಡಾಕ ಮಂದಿಲ್ಲ. ಕುಂತು ಕುಂತು ಕಾಲು ಜೋಮು ಹಿಡದಾವು."

ಮಂದಿ ಇಲ್ಲ ಎಂಬುದು ನಿಜವೇ. ರೋಗದ ಹೆಸರು ಕೇಳಿದ ಮೇಲೆ ಓಣಿಯವರು ನಮ್ಮ ಕಟ್ಟೆಗೆ ಬರುವುದನ್ನು ಬಿಟ್ಟಿದ್ದರು. ನಾನೂ ನನ್ನ ಹೆಂಡತಿಯೂ ಅವ್ವನನ್ನು ಬೇಡಿಕೊಂಡೆವು, ಗದರಿದೆವು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆ ಸಂಜೆ ಜೈಬುನ್ ಚಾಚಿ ಬಂದರು. ಬಳೆ ವ್ಯಾಪಾರದ ಮನೆಯವರು, ತವರು ಖಾನಾಪುರ. ಆ ದಿನಗಳಲ್ಲೂ ಅವ್ವನಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದವರು ಅವರೊಬ್ಬರೇ. ಅಂದು ಅವರ ಸೆರಗಿನೊಳಗೆ ಏನೋ ಮಿಸುಕುತ್ತಿತ್ತು. ತೆರೆದರೆ ಒಂದು ಕೋಳಿ! ಗಿಡ್ಡ ಜಾತಿ, ಪಾರಿವಾಳಕ್ಕಿಂತ ತುಸು ದೊಡ್ಡದು, ಪಾಯಜಾಮ ತೊಟ್ಟ ಹಾಗೆ ಕಾಲ ತುಂಬ ಪುಕ್ಕ.

"ಅಕ್ಕಾ, ಇದನ್ನ ಪಾಲಿಗಿ ಹಿಡೀರಿ. ನಮ್ಮನ್ಯಾಗ ಬೆಕ್ಕಿನ ಕಾಟ ಭಾಳ."

ಪಾಲಿಗೆ ಕೊಡುವುದು ನಮ್ಮ ಕಡೆಯ ಹಳೆಯ ರೂಢಿ. ಕೋಳಿಯೋ ಆಡೋ ಒಬ್ಬರದು, ಸಾಕುವವರು ಇನ್ನೊಬ್ಬರು. ಮರಿಗಳು ದೊಡ್ಡವಾದ ಮೇಲೆ ಇಬ್ಬರೂ ಎದುರುಬದುರು ಕೂತು ಸಮನಾಗಿ ಹಂಚಿಕೊಳ್ಳಬೇಕು. ಹಂಚುವ ಮೊದಲೇ ಸಾಕುವವರು ಊರು ಬಿಟ್ಟರೆ ಮಾನ ಹೋದಂತೆಯೇ. ಅವ್ವ ಕೋಳಿಯನ್ನು ಎತ್ತಿ ತೂಗಿದಳು, ರೆಕ್ಕೆ ಬಿಡಿಸಿ ನೋಡಿದಳು. ಆಮೇಲೆ ಚಾಚಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಕೋಳಿ ಅವ್ವನ ಸೆರಗಿಗೆ ಬಂತು, ಮರುದಿನ ಚೀಲದ ಸೀರೆಗಳು ಮತ್ತೆ ಗೂಟಕ್ಕೆ ಬಂದವು.

ಗೂಡು ಕಟ್ಟುವ ಕೆಲಸ ನನ್ನ ಪಾಲಿಗೆ ಬಿತ್ತು. ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಗೊತ್ತಿದ್ದ ಆಕಾರ ಒಂದೇ. ಮುಂಗುಸಿ ನುಗ್ಗದಿರಲೆಂದು ಕೆಂಪು ಕಲ್ಲಿನ ಮೇಲೆ ಎತ್ತರಿಸಿ, ಹಲಗೆ ಹೊಡೆದು, ಒಳಗೆ ಚೊಕ್ಕಟವಾಗಿ ಖಾನೆಗಳನ್ನು ಮಾಡಿದೆ. ಮುಂದೆ ಜಾಳಿಗೆಯ ಬಾಗಿಲು, ಅದಕ್ಕೊಂದು ಕೀಲಿ. ಹೊತ್ತು ಮುಳುಗುತ್ತಲೇ ಕೋಳಿ ನನ್ನ ಅರಮನೆಯನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ, ಹಾರಿ ಪೇರಲ ಗಿಡದ ಟೊಂಗೆಯ ಮೇಲೆ ಕೂತಿತು.

"ಕೋಳಿ ಅಂದ್ರ ಫೈಲ್ ಅಂತ ತಿಳದಿ ಏನೋ? ಖಾನೆ ಮಾಡ್ಯಾನಂತ ಖಾನೆ! ಅದಕ್ಕ ಕುಂದ್ರಾಕ ಒಂದ್ ಅಡ್ಡಗೋಲು ಬ್ಯಾಡೇನು?" ಎಂದು ಅವ್ವ ನಕ್ಕಳು. ಬೆಳಗಾವಿಗೆ ಬಂದ ಮೇಲೆ ಅವಳು ಮನಸಾರೆ ನಕ್ಕಿದ್ದು ಅದೇ ಮೊದಲು. ಆ ನಗುವಿಗಾಗಿ ಇನ್ನೂ ನಾಲ್ಕು ಗೂಡು ಕೆಡಿಸಲು ನಾನು ತಯಾರಿದ್ದೆ.

ಖಾನೆ ಹೋಗಿ ಅಡ್ಡಗೋಲು ಬಂತು. ಚಾಚಿ ತವರಿನಿಂದ ಜೋಡಿಗೆ ಒಂದು ಹುಂಜವನ್ನೂ ತಂದರು. ಆಳು ಗಿಡ್ಡ, ಗತ್ತು ಮಾತ್ರ ಗೌಡರದು. ನನ್ನ ಹೆಂಡತಿಯ ಕೊತ್ತಂಬರಿ ಮಡಿ ಮೂರಾಬಟ್ಟೆಯಾಯಿತು. ಕೋಳಿ ಕಾವಿಗೆ ಕೂತಾಗ ಗುಡುಗಿಗೆ ತತ್ತಿ ಕೆಡಬಾರದೆಂದು ಅವ್ವ ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ಚೂರು ಇಟ್ಟಳು. ದಿನಾ ಬೆಳಿಗ್ಗೆ ಮೊದಲು ಕೋಳಿಗೆ ಜೋಳದ ನುಚ್ಚು, ಆಮೇಲೆ ಕೈ ತೊಳೆದುಕೊಂಡು ತನಗೆ ಗುಳಿಗೆ. ಕೋಳಿ ಉಪವಾಸ ಇರುವಂತಿಲ್ಲವಾದ್ದರಿಂದ ಗುಳಿಗೆಯೂ ತಪ್ಪಲಿಲ್ಲ.

ಮರಿಗಳು ಬೆಳೆದವು. ದೀಪಾವಳಿಗೆ ಅವ್ವ ಹಂಚೋಣವೆಂದಳು. ಚಾಚಿ, "ಹುಂಜ ಯಾವ್ದು, ಹ್ಯಾಟಿ ಯಾವ್ದು ಚಂದಂಗ ಗೊತ್ತಾಗಲಿ ಅಕ್ಕಾ" ಎಂದರು. ಗೊತ್ತಾದ ಮೇಲೆ, "ಇನ್ನೊಂದು ಕಾವು ಕೂಡ್ರಸೂಣು, ಅವಸರ ಏನೈತಿ" ಎಂದರು. ಸಂಕ್ರಾಂತಿ ಹೋಯಿತು. ಅವ್ವ ಗೊಣಗುತ್ತಲೇ ಉಳಿದಳು.

ಒಂದು ದಿನ ಗೋಡೆಯ ಬಳಿ ನಾನು ಕೇಳಿಯೇ ಬಿಟ್ಟೆ. "ಚಾಚಿ, ನಿಮ್ಮ ಮನಿಯಾಗ ಬೆಕ್ಕು ನಾ ಒಮ್ಮಿನೂ ನೋಡಿಲ್ಲಲ್ಲ?"

ಚಾಚಿ ಮೊದಲು ನಕ್ಕರು, ಆಮೇಲೆ ದನಿ ತಗ್ಗಿಸಿದರು. "ಬೆಕ್ಕು ಎಲ್ಲೈತಿ ಬೇಟಾ. ಖಾನಾಪುರದಾಗ ನನ್ನ ತಂಗಿಗೂ ಇದ ಜಡ್ಡು ಬಂದಿತ್ತು. ಆರಾಮ ಆತಂತ ಗುಳಿಗಿ ಅರ್ಧಕ್ಕ ಬಿಟ್ಟಳು. ನಾವು ಹೇಳಿದ್ದಷ್ಟ, ಹಿಡದು ಕುಂದ್ರಿಸಲಿಲ್ಲ. ಹೋಗೇ ಬಿಟ್ಟಳು."

ಯುಗಾದಿ ಮುಗಿದ ಮೇಲೆ ಡಾಕ್ಟರು ಅವ್ವನ ಎದೆಯ ಫೋಟೋ ಹಿಡಿದು ನೋಡಿ, ಇನ್ನು ಗುಳಿಗೆ ಸಾಕು ಎಂದರು. ಮರುದಿನವೇ ಹಂಚಿಕೆ. ಚಾಚಿ ಒಳ್ಳೆಯ ಹ್ಯಾಟಿಯನ್ನು ಅವ್ವನ ಕಡೆಗೆ ದೂಡುವುದು, ಅವ್ವ ಅದನ್ನೇ ಚಾಚಿಯ ಕಡೆಗೆ ದೂಡುವುದು. ಆ ಜಗಳ ಮಧ್ಯಾಹ್ನದವರೆಗೆ ನಡೆಯಿತು. ತನ್ನ ಪಾಲಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಖಾನಾಪುರದ ಬಸ್ಸಿನಲ್ಲಿ ಕೂತಾಗ ಅವ್ವ ಕಿಟಕಿಯಿಂದ ನನಗೆ ಹೇಳಿದಳು:

"ಆಕಿ ಮನ್ಯಾಗ ಬೆಕ್ಕಿಲ್ಲಂತ ನನಗ ಅವತ್ತ ಗೊತ್ತಿತ್ತೋ. ಕೋಳಿ ನೋಡಿ ಅಲ್ಲ, ಆಕಿ ಮಾರಿ ನೋಡಿ ಹಿಡದೆ."

ಅವ್ವ ಆಮೇಲೆ ಬಹಳ ವರ್ಷ ಬದುಕಿದಳು. ಮೊಮ್ಮಕ್ಕಳ ಮದುವೆಯಲ್ಲಿ ಸೋಬಾನ ಹಾಡಿದಳು, ನನ್ನನ್ನು ಕೊನೆಯವರೆಗೂ ಬೈದಳು. ಆ ವರ್ಷಗಳನ್ನೆಲ್ಲ ನಮಗೆ ಕೊಟ್ಟವರು ಚಾಚಿ. ಇದನ್ನು ಅವರೆದುರು ಹೇಳಲು ನನಗೆ ಬಾಯಿ ಬಂದಿಲ್ಲ, ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಕಾರು ರಸ್ತೆಯಲ್ಲೇ ನಿಲ್ಲಲಿ ಎಂದು ಅಂದೇ ಸಲಿಕೆ ಒಳಗಿಟ್ಟೆ. ಮರುದಿನ ಪಾರಿಶ್ವಾಡಕ್ಕೆ ಹೋದೆ. ಅವ್ವನ ಪಾಲಿನ ತಳಿ ನನ್ನ ತಮ್ಮನ ಅಂಗಳದಲ್ಲಿ ಇನ್ನೂ ಪಾಯಜಾಮ ತೊಟ್ಟು ತಿರುಗುತ್ತಿದೆ. ಸಂಜೆ ಒಂದು ಹ್ಯಾಟಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಯ ಮೆಟ್ಟಿಲು ಹತ್ತಿದೆ. ಚಾಚಿ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿದ್ದರು.

"ಚಾಚಿ, ಇದನ್ನ ಪಾಲಿಗಿ ಹಿಡೀರಿ."

ಅವರ ಬೆರಳುಗಳು ಕೋಳಿಯ ಕಾಲಿನ ಪುಕ್ಕವನ್ನು ತಡವಿ ನಿಂತವು. ತಲೆಯೆತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಯಾಕ ಬೇಟಾ, ನಿಮ್ಮನ್ಯಾಗ ಬೆಕ್ಕಿನ ಕಾಟೇನು?"

"ಭಾಳ ಐತ್ರಿ ಚಾಚಿ."

ಚಾಚಿ ಕೋಳಿಯನ್ನು ಸೆರಗಿಗೆ ತೆಗೆದುಕೊಂಡು ಒಳಗಿದ್ದ ಸೊಸೆಯನ್ನು ಕೂಗಿದರು. "ಏ ಬೇಟಿ, ಇದಕ್ಕೊಂದು ಹಿಡಿ ನುಚ್ಚು ತಗೊಂಬಾ. ಮತ್ತ ನನ್ನ ಗುಳಿಗಿ ಎಲ್ಲಿಟ್ಟೀ?"